ಅಕ್ಕ ಹಡಗು, ತಂಗಿ ಹಡಗು

(ಅಣ್ಣಾ ನಗರ್‌ನಲ್ಲಿ ಸೇರಿದ್ದ ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಪ್ರವಾಸದ ಬಗ್ಗೆ ಏನಾದರೂ ಮಾತಾಡಿ ಅಂತ ಕಾರ್ಯದರ್ಶಿಗಳು ಹೇಳಿದಾಗ ನಾನು ಹಡಗನ್ನು ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಈಚೆಗೆ ನಮ್ಮಲ್ಲೇ ಮೂರು ನಾಲ್ಕು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದಾರೆ: "ಸಿಂಗಪುರದಿಂದ ಡಿಸ್ನಿಯವರ ಹೊಸ ಹಡಗು ಅಂತೆ, ಮೊಮ್ಮಕ್ಕಳನ್ನ ಕರ್ಕೊಂಡು ಹೋಗಬಹುದಾ?" ನಾನು ಅದೇ ಕಂಪನಿಯ ಎರಡು ಹಡಗುಗಳಲ್ಲಿ ಹೋಗಿ ಬಂದವಳು. ಎರಡೂ ಸಲ ಹೊರಟದ್ದು ಫ್ಲಾರಿಡಾದ ಪೋರ್ಟ್ ಕೆನಾವೆರಲ್‌ನಿಂದ, ಎರಡೂ ಸಲ ಹೋದದ್ದು ಬಹಾಮಾಸ್‌ಗೆ. ದಾರಿ ಒಂದೇ, ಹಡಗು ಬೇರೆ. ಹಾಗಾಗಿ ಹೋಲಿಸಿ ನೋಡುವುದು ಸುಲಭವಾಯಿತು.

ಮೊದಲು ಅಕ್ಕತಂಗಿಯರ ಪರಿಚಯ ಮಾಡಿಕೊಡುತ್ತೇನೆ. ಒಂದೇ ನಕ್ಷೆಯ ಮೇಲೆ ಕಟ್ಟಿದ ಹಡಗುಗಳನ್ನು ಸಿಸ್ಟರ್ ಶಿಪ್ ಅಂತಾರೆ. ಡಿಸ್ನಿಯ ಮನೆಯಲ್ಲಿ ಮೊದಲು ಹುಟ್ಟಿದ್ದು ಮ್ಯಾಜಿಕ್, 1998ರಲ್ಲಿ, ಮರುವರ್ಷ ವಂಡರ್. ಇಬ್ಬರೂ ಇಟಲಿಯಲ್ಲಿ ಹುಟ್ಟಿದವರು. ಆಮೇಲೆ 2011ರಲ್ಲಿ ಡ್ರೀಮ್, 2012ರಲ್ಲಿ ಫ್ಯಾಂಟಸಿ. ಹತ್ತು ವರ್ಷ ಬಿಟ್ಟು, 2022ರ ಜುಲೈನಲ್ಲಿ ವಿಶ್. ಅದೇ ನಕ್ಷೆಯಲ್ಲಿ 2024ರ ಕೊನೆಗೆ ಟ್ರೆಷರ್, 2025ರಲ್ಲಿ ಡೆಸ್ಟಿನಿ. ಡ್ರೀಮ್‌ನಿಂದ ಈಚಿನ ಇವರೆಲ್ಲರ ತವರು ಜರ್ಮನಿಯ ಪಾಪೆನ್‌ಬುರ್ಗ್ ಎಂಬ ಊರಿನ ಮೇಯರ್ ವೆರ್ಫ್ಟ್ ಕಾರ್ಖಾನೆ. ಆ ಊರು ಸಮುದ್ರದ ದಡದಲ್ಲಿಲ್ಲ, ಎಮ್ಸ್ ಎಂಬ ಸಣ್ಣ ನದಿಯ ಪಕ್ಕದಲ್ಲಿದೆ. ಅಷ್ಟು ದೊಡ್ಡ ಹಡಗನ್ನು ಆ ನದಿಯಲ್ಲಿ ಹಿಮ್ಮುಖವಾಗಿ ನಿಧಾನಕ್ಕೆ ಸಮುದ್ರಕ್ಕೆ ಕರೆದೊಯ್ಯುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ದಡದಲ್ಲಿ ಜನ ನಿಂತು ನೋಡುತ್ತಾರೆ.

ನಾನು 2018ರಲ್ಲಿ ಹೋದದ್ದು ಡ್ರೀಮ್‌ನಲ್ಲಿ, 2023ರಲ್ಲಿ ವಿಶ್‌ನಲ್ಲಿ. ಎರಡು ಸಲವೂ ನಾವು ನಾಲ್ಕು ತಲೆಮಾರಿನವರು: ನಮ್ಮ ಅತ್ತೆ, ನಾನು ಮತ್ತು ಯಜಮಾನರು, ಮಗಳು ಅಳಿಯ, ಮೊಮ್ಮಗಳು. ಎರಡನೇ ಸಲಕ್ಕೆ ಮೊಮ್ಮಗನೂ ಸೇರಿಕೊಂಡಿದ್ದ.

ಈಗ ಲೆಕ್ಕ ನೋಡಿ. ಮ್ಯಾಜಿಕ್ ಸುಮಾರು 84,000 ಟನ್, ಡ್ರೀಮ್ ಸುಮಾರು 1,30,000, ವಿಶ್ ಸುಮಾರು 1,44,000. ಇಲ್ಲಿ ಟನ್ ಅಂದರೆ ತೂಕ ಅಲ್ಲ, ಹಡಗಿನ ಒಳಗಿರುವ ಜಾಗದ ಅಳತೆ. ನಮ್ಮ ಟವರ್ ಪಾರ್ಕಿನ ವಿಶ್ವೇಶ್ವರಯ್ಯ ಗೋಪುರ 135 ಅಡಿ ಎತ್ತರ. ಅಂಥ ಎಂಟು ಗೋಪುರಗಳನ್ನು ಸಾಲಾಗಿ ಮಲಗಿಸಿದರೂ ವಿಶ್‌ನ ಉದ್ದಕ್ಕೆ ಸಾಲದು. ಅದು 1,119 ಅಡಿ. ಡ್ರೀಮ್ ಅದಕ್ಕಿಂತ ಐದಡಿ ಕಡಿಮೆ, ಅಷ್ಟೆ.

ಆದರೆ ಮಲಗುವ ಕೋಣೆಗಳು? ಡ್ರೀಮ್‌ನಲ್ಲಿ 1,250, ವಿಶ್‌ನಲ್ಲಿ 1,254. ನಾಲ್ಕೇ ಕೋಣೆ ಹೆಚ್ಚು! ಹಾಗಾದರೆ ಹೆಚ್ಚಾದ 14,000 ಟನ್ ಜಾಗ ಎಲ್ಲಿಗೆ ಹೋಯಿತು? ಮನೆ ಕಟ್ಟಿಸಿದವರಿಗೆಲ್ಲ ಈ ಪ್ರಶ್ನೆ ಗೊತ್ತು. ಅಣ್ಣಾ ನಗರ್‌ನಲ್ಲಿ ಹಳೇ ಒಂಟಿ ಮನೆ ಒಡೆದು ಫ್ಲಾಟ್ ಕಟ್ಟಿದಾಗಲೂ ನಾವು ಇದನ್ನೇ ಕೇಳುತ್ತೇವೆ: ಚದರಡಿ ಹೆಚ್ಚಾಗಿದೆ, ಆದರೆ ಯಾರ ಪಾಲಿಗೆ?

ಒಂದಷ್ಟು ಜಾಗ ಇಂಧನದ ಟ್ಯಾಂಕುಗಳಿಗೆ ಹೋಗಿದೆ. ವಿಶ್ ಓಡುವುದು ಎಲ್‌ಎನ್‌ಜಿ, ಅಂದರೆ ದ್ರವರೂಪದ ನೈಸರ್ಗಿಕ ಅನಿಲದಿಂದ. ಅದಕ್ಕೆ ಎಣ್ಣೆಗಿಂತ ದೊಡ್ಡ ಟ್ಯಾಂಕು ಬೇಕು. ಉಳಿದದ್ದರಲ್ಲಿ ನನಗೆ ಕಣ್ಣಿಗೆ ಕಂಡದ್ದು ಮಕ್ಕಳ ಪಾಲು. ಹಡಗಿನ ನಡುವೆ ದೊಡ್ಡ ಹಜಾರ, ಅದರಲ್ಲೇ ವೇದಿಕೆ. ಆ ಹಜಾರದಿಂದ ಒಂದು ಜಾರುಬಂಡೆ ನೇರ ಕೆಳಗಿನ ಅಂತಸ್ತಿನ ಮಕ್ಕಳ ಕ್ಲಬ್ಬಿಗೆ ಇಳಿಯುತ್ತದೆ. ಐದು ವರ್ಷದ ನಮ್ಮ ಮೊಮ್ಮಗ ಅದರಲ್ಲಿ ಜಾರಿ ಒಳಗೆ ಹೋದವನು ಹೊರಗೆ ಬರಲು ಒಪ್ಪಲೇ ಇಲ್ಲ. ಮೇಲೆ ಒಂದೇ ದೊಡ್ಡ ಈಜುಕೊಳದ ಬದಲು ಚಿಕ್ಕ ಚಿಕ್ಕ ಕೊಳಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿದ್ದಾರೆ. ಮಕ್ಕಳಿಗೆ ಅದು ಸ್ವರ್ಗ.

ಇದರಿಂದ ಲಾಭ ಆದದ್ದು ನನ್ನ ಮಗಳಿಗೆ. ವರ್ಷವಿಡೀ ಆಫೀಸು, ಮನೆ, ಡೇ ಕೇರ್ ಅಂತ ಓಡಾಡುವ ಹುಡುಗಿ. ಮಕ್ಕಳನ್ನು ನೋಡಿಕೊಳ್ಳುವವರು ನಂಬಿಕಸ್ಥರು, ಕೈಗೆ ಪಟ್ಟಿ ಕಟ್ಟಿ ಲೆಕ್ಕ ಇಡುತ್ತಾರೆ ಅಂತ ಖಾತ್ರಿಯಾದ ಮೇಲೆ ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿದಳು. "ಅಮ್ಮ, ಮಧ್ಯಾಹ್ನ ಮಲಗಿ ಎಷ್ಟು ವರ್ಷ ಆಯ್ತು ಗೊತ್ತಾ?" ಅಂದಳು. ಆ ಮಾತಿಗೆ ನಾನು ಟಿಕೆಟ್ಟಿನ ದುಡ್ಡು ವಸೂಲಾಯಿತು ಅಂದುಕೊಂಡೆ.

ನಷ್ಟ ಆದದ್ದು ನಮ್ಮ ಅತ್ತೆಯವರಿಗೆ. ಡ್ರೀಮ್‌ನಲ್ಲಿ ನಾಲ್ಕನೇ ಅಂತಸ್ತಿನ ಹೊರಗೆ ಹಡಗಿನ ಸುತ್ತಲೂ ನಡೆಯುವ ಹಾದಿ ಇದೆ. ನೆರಳು, ಗಾಳಿ, ಪಕ್ಕದಲ್ಲೇ ಸಮುದ್ರ. ಅತ್ತೆ ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕುವ ಹಾಗೆ ಬೆಳಿಗ್ಗೆ ಸಂಜೆ ಅಲ್ಲಿ ಸುತ್ತು ಹಾಕುತ್ತಿದ್ದರು. ಮೊಮ್ಮಗಳು ಅವರ ಸೆರಗು ಹಿಡಿದು ಹಿಂದೆ. ಅವರಿಬ್ಬರ ಮಾತುಕತೆ ಎಲ್ಲ ನಡೆದದ್ದು ಆ ಸುತ್ತಿನಲ್ಲೇ. ವಿಶ್‌ನಲ್ಲಿ ಆ ಪೂರ್ತಿ ಸುತ್ತು ಇಲ್ಲ. ನಡುವೆಯೇ ಹಾದಿ ಮುಗಿಯುತ್ತದೆ, ತಿರುಗಿ ಬರಬೇಕು. ಎರಡನೇ ದಿನ ಅತ್ತೆ, "ಇಲ್ಲಿ ಎಲ್ಲಾ ಇದೆ ಕಣಮ್ಮ, ನಡೆಯೋಕೆ ಮಾತ್ರ ಜಾಗ ಇಲ್ಲ" ಅಂದರು.

ಊಟದ ವಿಷಯದಲ್ಲೂ ಹೀಗೇ. ಈ ಕಂಪನಿಯ ಹಡಗುಗಳಲ್ಲಿ ಒಂದು ಒಳ್ಳೆ ಪದ್ಧತಿ ಮೊದಲಿನಿಂದ ಬಂದಿದೆ. ರಾತ್ರಿಗೊಂದು ಊಟದ ಮನೆ ಬದಲಾಗುತ್ತದೆ, ಬಡಿಸುವವರು ಮಾತ್ರ ನಮ್ಮ ಜೊತೆಗೇ ಬರುತ್ತಾರೆ. ನಾವು ಸಸ್ಯಾಹಾರಿಗಳು ಅಂತ ಒಂದು ಸಲ ಹೇಳಿದ್ದೇ, ಮಾರನೇ ದಿನದಿಂದ ಕೇಳದೆ ಅನ್ನ, ದಾಲ್, ಪಲ್ಯ ಬರುತ್ತಿತ್ತು. ಇದು ಅಕ್ಕನಲ್ಲೂ ತಂಗಿಯಲ್ಲೂ ಒಂದೇ. ಆದರೆ ಡ್ರೀಮ್‌ನಲ್ಲಿ ಮೂರರಲ್ಲಿ ಎರಡು ಊಟದ ಮನೆ ಶಾಂತವಾಗಿದ್ದವು. ಒಂದರಲ್ಲಿ ಚಾವಣಿಯ ಬೆಳಕು ನಿಧಾನವಾಗಿ ಹಗಲಿನಿಂದ ಇರುಳಿಗೆ ತಿರುಗುತ್ತಿತ್ತು, ಅಷ್ಟೇ ಗದ್ದಲ. ವಿಶ್‌ನಲ್ಲಿ ಒಂದು ರಾತ್ರಿ ಫ್ರೋಜನ್ ಸಿನಿಮಾದ ಹಾಡು ಕುಣಿತ, ಇನ್ನೊಂದು ರಾತ್ರಿ ಸುತ್ತಲೂ ಪರದೆಯ ಮೇಲೆ ಮಾರ್ವೆಲ್ ವೀರರು. ಮಕ್ಕಳು ಕುರ್ಚಿ ಮೇಲೆ ನಿಂತು ಚಪ್ಪಾಳೆ. ಕಿವಿ ಸ್ವಲ್ಪ ಮಂದವಾಗಿರುವ ಅತ್ತೆಗೆ ಪಕ್ಕದಲ್ಲಿ ಕೂತ ಮೊಮ್ಮಗಳ ಮಾತೂ ಕೇಳಲಿಲ್ಲ. ಎರಡು ವರ್ಷಕ್ಕೊಮ್ಮೆ ಸಿಗುವ ಮಗುವಿನ ಮಾತು ಅದು.

ನಾನು ಹೇಳಬೇಕೆಂದಿರುವುದು ಇಷ್ಟೇ. ಹೊಸದು ಚೆನ್ನಾಗಿಲ್ಲ ಅಂತಲ್ಲ, ಹಳೆಯದೇ ಚಿನ್ನ ಅಂತಲೂ ಅಲ್ಲ. ಜಾಹೀರಾತಿನಲ್ಲಿ "ಫ್ಯಾಮಿಲಿ ಶಿಪ್" ಅಂತ ಬರೆದಿರುತ್ತಾರೆ. ಆದರೆ ಫ್ಯಾಮಿಲಿ ಅಂದರೆ ಅವರ ಮನಸ್ಸಿನಲ್ಲಿ ಅಪ್ಪ, ಅಮ್ಮ, ಎರಡು ಮಕ್ಕಳು. ನಮ್ಮ ಫ್ಯಾಮಿಲಿಯಲ್ಲಿ ಅಜ್ಜಿಯೂ ಇದ್ದಾರೆ. ಹಡಗು ಹೊಸದಾದಷ್ಟೂ ಮಕ್ಕಳು ಒಂದು ಕಡೆ, ದೊಡ್ಡವರು ಒಂದು ಕಡೆ ಆಗುವ ಹಾಗೆ ಕಟ್ಟುತ್ತಿದ್ದಾರೆ. ದುಡಿದು ದಣಿದ ತಾಯಿಗೆ ಅದು ವರ. ಮೊಮ್ಮಕ್ಕಳ ಜೊತೆ ಇರಬೇಕು ಅಂತಲೇ ಸಮುದ್ರ ದಾಟಿ ಹೋದ ಅಜ್ಜಿಗೆ ಅಲ್ಲ.

ಈಗ ಸಿಂಗಪುರದ ಹಡಗಿಗೆ ಬರೋಣ. ಅದರ ಹೆಸರು ಡಿಸ್ನಿ ಅಡ್ವೆಂಚರ್. ಇವಳು ಈ ಮನೆಯ ಹೆತ್ತ ಮಗಳಲ್ಲ, ದತ್ತು ಮಗಳು. ಜರ್ಮನಿಯ ವಿಸ್ಮಾರ್‌ನಲ್ಲಿ ಬೇರೆ ಕಂಪನಿಗಾಗಿ ಗ್ಲೋಬಲ್ ಡ್ರೀಮ್ ಎಂಬ ಹೆಸರಿನಲ್ಲಿ ಕಟ್ಟುತ್ತಿದ್ದರು. 2022ರಲ್ಲಿ ಆ ಕಾರ್ಖಾನೆ ದಿವಾಳಿಯಾಯಿತು, ಅರ್ಧಕ್ಕೆ ನಿಂತ ಹಡಗನ್ನು ಡಿಸ್ನಿಯವರು ಕೊಂಡರು. ಮೊದಲ ಯಾನ 2025ರ ಡಿಸೆಂಬರ್ ಅಂತ ಇದ್ದದ್ದು 2026ರ ಮಾರ್ಚ್‌ಗೆ ಹೋಯಿತು. ಅಳತೆ ಸುಮಾರು 2,08,000 ಟನ್, ಸುಮಾರು 6,700 ಪ್ರಯಾಣಿಕರು. ಭಾಗಾಕಾರ ಮಾಡಿ ನೋಡಿ: ವಿಶ್‌ನಲ್ಲಿ ನಾಲ್ಕು ಸಾವಿರ ಜನರಿಗೆ ತಲೆಗೆ 36 ಟನ್ ಜಾಗ ಬಂದರೆ, ಇಲ್ಲಿ ತುಂಬಿದ ಹಡಗಿನಲ್ಲಿ 31. ಹಡಗು ದೊಡ್ಡದು, ತಲೆಯ ಪಾಲು ಚಿಕ್ಕದು. ಮೂರು ನಾಲ್ಕು ರಾತ್ರಿಯ ಯಾನ, ನಡುವೆ ಯಾವ ಊರಲ್ಲೂ ಇಳಿಯುವುದಿಲ್ಲ. ಹಡಗೇ ಊರು. ಚೆನ್ನೈನಿಂದ ವಿಮಾನದಲ್ಲಿ ನಾಲ್ಕು ಗಂಟೆ, ಅಮೆರಿಕದ ವೀಸಾಕ್ಕೆ ಕಾಯಬೇಕಿಲ್ಲ. ಇವು ದೊಡ್ಡ ಅನುಕೂಲಗಳು.

ಹಡಗೇ ಗೊತ್ತಿಲ್ಲದವರು ಮೊದಲು ನಮ್ಮ ಬಂದರಿನ ಅನುಭವ ಪಡೆಯಬಹುದು. 2022ರ ಜೂನ್‌ನಲ್ಲಿ ಚೆನ್ನೈನಿಂದ ಹೊರಟ ಕಾರ್ಡೇಲಿಯಾದ ಎಂಪ್ರೆಸ್ ನಿಮಗೆ ನೆನಪಿರಬಹುದು. ಅದು 1990ರಲ್ಲಿ ರಾಯಲ್ ಕೆರಿಬಿಯನ್‌ಗಾಗಿ ನಾರ್ಡಿಕ್ ಎಂಪ್ರೆಸ್ ಅಂತ ಹುಟ್ಟಿದ ಹಡಗು, 48,000 ಟನ್ನಿನ ಚಿಕ್ಕದು. ಹೊಸ ಹಡಗುಗಳ ಥಳುಕಿಲ್ಲ. ಆದರೆ ಸಮುದ್ರ ನಿಮಗೆ ಒಗ್ಗುತ್ತದೋ ಇಲ್ಲವೋ, ಎರಡು ದಿನದಲ್ಲಿ ತಿಳಿದುಹೋಗುತ್ತದೆ. ಎಫ್‌ಡಿ ಮುರಿಸುವ ಮುಂಚೆ ಅದು ತಿಳಿಯುವುದು ಒಳ್ಳೆಯದು.

ಬುಕ್ ಮಾಡುವ ಮುಂಚೆ ಏಜೆಂಟರನ್ನು ಈ ಐದು ಪ್ರಶ್ನೆ ಕೇಳಿ.

ಒಂದು, ನಮ್ಮ ಕೋಣೆ ಲಿಫ್ಟಿಗೆ ಎಷ್ಟು ಹತ್ತಿರ? ಹಡಗಿನ ಹಿಂಬದಿಯಲ್ಲಿ ಕೋಣೆ, ಮುಂಬದಿಯಲ್ಲಿ ನಾಟಕಶಾಲೆ ಇದ್ದರೆ ಮಂಡಿನೋವಿನವರಿಗೆ ಅದೇ ಒಂದು ಪಾದಯಾತ್ರೆ.

ಎರಡು, ಹೊರಗೆ ನೆರಳಿನಲ್ಲಿ ನಡೆಯಲು, ಸುಮ್ಮನೆ ಕೂರಲು ಜಾಗ ಎಲ್ಲಿದೆ? ನಕ್ಷೆಯಲ್ಲಿ ಬೆರಳಿಟ್ಟು ತೋರಿಸಲಿ.

ಮೂರು, ರಾತ್ರಿ ಊಟದ ಎರಡು ಸರದಿಯಲ್ಲಿ ಮೊದಲನೆಯದು ಸಿಗುತ್ತದಾ? ಎರಡನೆಯದು ಎಂಟು ಗಂಟೆಯ ಮೇಲೆ. ಮಕ್ಕಳು ನಿದ್ದೆಗಣ್ಣು, ಹಿರಿಯರ ಮಾತ್ರೆಯ ಹೊತ್ತು.

ನಾಲ್ಕು, ಮಕ್ಕಳ ಕ್ಲಬ್ಬಿಗೆ ವಯಸ್ಸಿನ ಮಿತಿ ಏನು? ಮೂರು ವರ್ಷ ತುಂಬದ ಮಗುವಿಗೆ ಸಾಮಾನ್ಯವಾಗಿ ಬೇರೆ ವ್ಯವಸ್ಥೆ, ಬೇರೆ ದುಡ್ಡು.

ಐದನೆಯದು ಏಜೆಂಟರಿಗಲ್ಲ, ನಿಮ್ಮ ಮನೆಯವರಿಗೆ. ಈ ಪ್ರವಾಸದಲ್ಲಿ ಯಾರಿಗೆ ಏನು ಬೇಕು? ಮಗಳಿಗೆ ನಿದ್ದೆ ಬೇಕಾ, ಅಜ್ಜಿಗೆ ಮೊಮ್ಮಗು ಬೇಕಾ? ಎರಡೂ ಬೇಕು ಅಂದರೆ ಹೊರಡುವ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ. ಮಧ್ಯಾಹ್ನ ಮಕ್ಕಳು ಕ್ಲಬ್ಬಿಗೆ, ಸಂಜೆ ಐದರಿಂದ ಊಟದವರೆಗೆ ಅಜ್ಜಿಯ ಪಾಲಿಗೆ. ವಿಶ್‌ನಲ್ಲಿ ಕೊನೆಯ ಎರಡು ದಿನ ನಾವು ಹೀಗೇ ಮಾಡಿದೆವು. ಅತ್ತೆ, ಮೊಮ್ಮಕ್ಕಳು, ಒಂದು ಪ್ಯಾಕ್ ಇಸ್ಪೀಟೆಲೆ, ಬಾಲ್ಕನಿ. ಆ ಎರಡು ಸಂಜೆಗೆ ಹಡಗು ಎಷ್ಟು ಟನ್ನಿನದು ಅಂತ ಯಾರಿಗೂ ಲೆಕ್ಕ ಇರಲಿಲ್ಲ.

ಇನ್ನು ಪ್ರಶ್ನೆಗಳಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ. ಅಲ್ಲಿ ಕಾಫಿ ಆರುತ್ತಿದೆ, ಹೆಚ್ಚು ಹೊತ್ತು ತಡೆಯುವುದಿಲ್ಲ.