ರಾಯನ ಬೆಳ್ಳಿಯೂ ಕಲ್ಲಿನ ಸಾಕ್ಷಿಯೂ



ಅರಸರು ಬಳಸಿದ ಇಲ್ಲವೆ ದೇವರಿಗೆ ಅರ್ಪಿಸಿದ ಬೆಳ್ಳಿಯ ಮಾತು ಬಂದಾಗ ಜನರ ಕೌತುಕವು ಕೆರಳುವುದು ಸಹಜವು. ‘ಇದು ಇಂಥ ರಾಯನ ತಂಬಿಗೆ, ಇದು ಇಂಥ ರಾಣಿಯ ಹರಿವಾಣ’ ಎಂದೊಡನೆ ಆ ಪಾತ್ರೆಗೆ ತೂಕದ ಬೆಲೆಯನ್ನು ಮೀರಿದ ಬೆಲೆಯೊಂದು ಬರುತ್ತದೆ. ಆ ಹೆಚ್ಚಿನ ಬೆಲೆಯು ಬೆಳ್ಳಿಯದಲ್ಲ, ಅದನ್ನು ಕುರಿತ ಮಾತಿನದು. ಬೆಳ್ಳಿಯನ್ನು ಅಕ್ಕಸಾಲಿಗನು ಒರೆಗಲ್ಲಿಗೆ ಹಚ್ಚಿ ನೋಡುವನು. ಮಾತನ್ನು ಯಾವ ಒರೆಗಲ್ಲಿಗೆ ಹಚ್ಚಬೇಕು? ಇದೇ ಇಂದಿನ ವಿಚಾರವು.

ಬಳ್ಳಾರಿ ಸೀಮೆಯವರು ಇದಕ್ಕಾಗಿ ದೂರದ ದೃಷ್ಟಾಂತವನ್ನು ಅರಸಬೇಕಾಗಿಲ್ಲ. 2021ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು ಈಗ ವಿಜಯನಗರ ಜಿಲ್ಲೆಯಲ್ಲಿರುವ ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಶಾಲಿವಾಹನ ಶಕ 1430ರ ಕಾಲನಿರ್ದೇಶವುಳ್ಳ ಶ್ರೀಕೃಷ್ಣದೇವರಾಯನ ಶಿಲಾಶಾಸನವಿದೆ. ರಾಯನು ತನ್ನ ಪಟ್ಟಾಭಿಷೇಕದ ಪುಣ್ಯಕಾಲದಲ್ಲಿ ಸಿಂಗನಾಯಕನಹಳ್ಳಿಯನ್ನು ದೇವರಿಗೆ ಬಿಟ್ಟು, ರಂಗಮಂಟಪವನ್ನೂ ಅದರ ಮುಂದಣ ಗೋಪುರವನ್ನೂ ಕಟ್ಟಿಸಿ, ಹಿರಿಯ ಗೋಪುರವನ್ನು ಜೀರ್ಣೋದ್ಧಾರ ಮಾಡಿಸಿದನೆಂದು ಅದರಿಂದ ತಿಳಿಯುತ್ತದೆ. ನವರತ್ನಖಚಿತವಾದ ಚಿನ್ನದ ಕಮಲ, ನಾಗಾಭರಣ, ನೈವೇದ್ಯಕ್ಕೆ ಚಿನ್ನದ ಹರಿವಾಣ, ಇವುಗಳೊಡನೆ ಆರತಿಗೆಂದು 24 ಬೆಳ್ಳಿಯ ದೀಪಗಳನ್ನು ಅರ್ಪಿಸಿದುದೂ ಅಲ್ಲಿ ಉಕ್ತವಾಗಿದೆ.

ಇದು ಒಂದು ಸಲದ ದಾನವಲ್ಲ. 1513ರಲ್ಲಿ ತಿರುಮಲಾದೇವಿ ಮತ್ತು ಚಿನ್ನಾದೇವಿಯರೊಡನೆ ತಿರುಪತಿಗೆ ಹೋದಾಗ ಅದೇ ರಾಯನು ಕರ್ಪೂರದಾರತಿಗಾಗಿ 25 ಬೆಳ್ಳಿಯ ತಟ್ಟೆಗಳನ್ನು ಕೊಟ್ಟನೆಂಬುದೂ ಶಾಸನಸಿದ್ಧವು. ಅರಮನೆಯ ಬೆಳ್ಳಿಗೂ ಸಾಕ್ಷಿಯುಂಟು. ಅಚ್ಯುತರಾಯನ ಕಾಲದಲ್ಲಿ ವಿಜಯನಗರದ ವೃತ್ತಾಂತವನ್ನು ಬರೆದ ಪೋರ್ತುಗೀಜ ನೂನಿಜ್‌ನು ಅಲ್ಲಿಯ ಪಾತ್ರೆಪರಿಕರಗಳೆಲ್ಲ ಬೆಳ್ಳಿಬಂಗಾರದವೆಂದೂ, ರಾಣಿಯರ ಮಂಚಗಳಿಗೆ ಬೆಳ್ಳಿಯ ತಗಡು ಹೊದಿಸಿತ್ತೆಂದೂ ಹೇಳಿರುವನು.

ಹೀಗಿರಲು, ಯಾವನಾದರೂ ಒಂದು ಹಳೆಯ ಬೆಳ್ಳಿಯ ಆರತಿಯನ್ನು ತಂದು ‘ಇದು ಕೃಷ್ಣರಾಯನ 24ರಲ್ಲಿ ಒಂದು’ ಎಂದರೆ ನಂಬಬಹುದೇ? ರಾಯನು ಕೊಟ್ಟನೆಂಬುದನ್ನು ಕಲ್ಲು ಹೇಳುವುದು. ಕೈಯಲ್ಲಿರುವ ಆರತಿಯು ಅದೇ ಎಂದು ಕಲ್ಲು ಹೇಳದು. ಎರಡಕ್ಕೂ ನಡುವೆ ಸೇತುವೆ ಬೇಕು. ವಸ್ತುವಿನ ಮೇಲೆ ಕೆತ್ತಿದ ಅಕ್ಷರ, ತಲೆಮಾರಿನಿಂದ ತಲೆಮಾರಿಗೆ ಒಪ್ಪಿಸಿದ ಪಟ್ಟಿ, ಆ ಪಟ್ಟಿಗೆ ಸರಿಹೊಂದುವ ತೂಕ ಮತ್ತು ಆಕಾರ, ಇವೇ ಆ ಸೇತುವೆಯ ಕಂಬಗಳು. ಇವೊಂದೂ ಇಲ್ಲದೆ ರಾಯನ ಹೆಸರಿಗೆ ಹಣ ತೆರುವವನು ಬೆಳ್ಳಿಯನ್ನು ಕೊಂಡಂತಾಯಿತೇ ಹೊರತು ರಾಯನ ಬೆಳ್ಳಿಯನ್ನು ಕೊಂಡಂತಾಗಲಿಲ್ಲ.

ಬೆಳ್ಳಿಯ ಸ್ವಭಾವವೂ ಈ ಸೇತುವೆಯನ್ನು ಮುರಿಯುವಂಥದು. ಅಪ್ಪಟ ಬೆಳ್ಳಿಯು ಮೃದುವಾದುದರಿಂದ ಪಾತ್ರೆ ಮಾಡುವಾಗ ತುಸು ತಾಮ್ರವನ್ನು ಬೆರೆಸುವರು. ಗಾಳಿಯಲ್ಲಿರುವ ಗಂಧಕದ ಅಂಶವು ತಗುಲಿ ಅದು ಕಪ್ಪಾಗುವುದು. ಆ ಕಪ್ಪನ್ನು ಕಳೆಯಲು ಹಬ್ಬಹಬ್ಬಕ್ಕೂ ಉಜ್ಜಿದರೆ ಹೊಳಪಿನೊಡನೆ ಕೆತ್ತಿದ ಹೆಸರೂ ಸವೆಯುತ್ತ ಬರುವುದು. ಮುಕ್ಕಾದರೆ ಮೂಸೆಗೆ ಹಾಕಿ ಕರಗಿಸುವರು. 962 ಅಂಶ ಸೆಂಟಿಗ್ರೇಡ್ ಉಷ್ಣತೆಯಲ್ಲಿ ರಾಯನ ಬೆಳ್ಳಿಯೂ ರೈತನ ಬೆಳ್ಳಿಯೂ ಒಂದೇ ನೀರಾಗುವುವು. ಇನ್ನು ಯುದ್ಧಕಾಲದ ಮಾತೇನು? ಆ ಪಟ್ಟಾಭಿಷೇಕಕ್ಕೆ ಅರುವತ್ತು ವರ್ಷ ತುಂಬುವ ಮುನ್ನವೇ, 1565ರಲ್ಲಿ, ಅಳಿಯ ರಾಮರಾಯನು ರಣದಲ್ಲಿ ಮಡಿದನು, ರಾಜಧಾನಿಯು ಸೂರೆಯಾಯಿತು. ಸೂರೆಗಾರನಿಗೆ ಬೇಕಾದುದು ತೂಕ, ಹೆಸರಲ್ಲ. ಕಲ್ಲನ್ನು ಕರಗಿಸಿ ಮಾರಲು ಬಾರದಾದುದರಿಂದಲೇ ಕಲ್ಲಿನ ಬರಹವು ಇಂದಿಗೂ ಓದಲು ಸಿಕ್ಕುತ್ತದೆ.

ಸದ್ಭಕ್ತರೇ, ಈ ವಿಚಾರವು ಅರಸರಿಗೇ ಮುಗಿಯಲಿಲ್ಲ. ಮನೆಮನೆಯಲ್ಲಿ ಹಿರಿಯರು ಕೊರಳಲ್ಲಿ ಧರಿಸಿದ ಬೆಳ್ಳಿಯ ಕರಡಿಗೆಗಳುಂಟು. ಮಠಗಳಲ್ಲಿ ಬಡ ಭಕ್ತರು ಸುಗ್ಗಿಯ ಕಾಳು ಮಾರಿ ಅರ್ಪಿಸಿದ ಬಟ್ಟಲು ದೀಪಗಳುಂಟು. ರಾಯನ ದಾನವನ್ನು ಶಾಸನವು ಕಾಯ್ದಿತು. ಬಡವನ ದಾನವನ್ನು ಕಾಯುವ ಶಾಸನವೆಲ್ಲಿದೆ? ಸೀಳಿದ ಕರಡಿಗೆಯನ್ನು ಮುರಿಸಿ ಹೊಸದನ್ನು ಮಾಡಿಸುವುದು ತಪ್ಪಲ್ಲ. ಬಳಕೆಗೆ ಬಾರದ ಬೆಳ್ಳಿಯು ಬಳಕೆಗೆ ಬರುವುದು ಒಳ್ಳೆಯದೇ. ಆದರೆ ಮೂಸೆಗೆ ಹಾಕುವ ಮುನ್ನ ಅದನ್ನು ತೂಗಬೇಕು, ಅಕ್ಷರಗಳಿದ್ದರೆ ಇದ್ದಂತೆಯೇ ನಕಲು ಮಾಡಬೇಕು, ಛಾಯಾಚಿತ್ರ ತೆಗೆಸಬೇಕು. ಕೊಟ್ಟವರಾರು, ಕೊಟ್ಟ ವರ್ಷವೆಂದು, ಏತಕ್ಕಾಗಿ ಎಂಬುದನ್ನು ಕಡತದಲ್ಲಿ ಬರೆದು, ಸಾಧ್ಯವಾದರೆ ಹೊಸ ಪಾತ್ರೆಯ ಮೇಲೂ ಹಳೆಯ ದಾನಿಯ ಹೆಸರನ್ನು ಕೆತ್ತಿಸಬೇಕು. ಕೇಳಿದ್ದನ್ನು ಕೇಳಿದ್ದೆಂದೂ ಕಂಡದ್ದನ್ನು ಕಂಡದ್ದೆಂದೂ ಬೇರೆ ಬೇರೆಯಾಗಿ ಬರೆಯಬೇಕು. ಇಷ್ಟಕ್ಕೆ ವೆಚ್ಚವಾಗುವುದು ಒಂದು ಹೊತ್ತಿನ ಶ್ರಮವು ಮಾತ್ರ.

ಬೆಳ್ಳಿಯು ಕೈಯಿಂದ ಕೈಗೆ ಹೋಗತಕ್ಕ ವಸ್ತುವು. ಅದು ಹೋದರೂ ಕೊಟ್ಟವರ ನೆನಪು ಹೋಗದಂತೆ ನೋಡಿಕೊಳ್ಳುವುದು ಪಡೆದವರ ಋಣವು. ಆ ಋಣವನ್ನು ತೀರಿಸುವ ಬುದ್ಧಿಯು ಸರ್ವರಲ್ಲಿಯೂ ನೆಲೆಗೊಳ್ಳಲಿ.

ಮಂಗಳವಾಗಲಿ.