ರುಚಿಯನ್ನು ಎಬ್ಬಿಸುವ ಗೊಜ್ಜು



ಇಟಲಿಯ ಬೊಲೋನಾ ನಗರದಲ್ಲಿ ಕೊಚ್ಚಿದ ಮಾಂಸದಿಂದ ಮಾಡಿ, ನಮ್ಮ ಶಾವಿಗೆಯ ನೆಂಟನಾದ ಪಾಸ್ತಾದೊಡನೆ ಕಲೆಸುವ ಒಂದು ಗೊಜ್ಜು ಉಂಟು. ಅದರ ಹೆಸರು 'ರಗು'. ಹೆಸರು ಫ್ರೆಂಚ್ ಭಾಷೆಯಿಂದ ಬಂದದ್ದು. ಅಲ್ಲಿ 'ಗೂ' ಎಂದರೆ ರುಚಿ. 'ರಗೂತೆ' ಎಂದರೆ ಮಂಕಾದ ರುಚಿಯನ್ನು ಮರಳಿ ಎಬ್ಬಿಸುವುದು. ಈ ಅರ್ಥವನ್ನು ನೆನಪಿನಲ್ಲಿಟ್ಟುಕೊಂಡರೆ, ಈಗ ಹೇಳಲಿರುವ ಟರ್ಕಿ ಕೋಳಿಯ ರಗುವಿನ ಮರ್ಮವೆಲ್ಲ ತಿಳಿದಂತೆಯೇ.

ಟರ್ಕಿ ಕೋಳಿಗೂ ಟರ್ಕಿ ದೇಶಕ್ಕೂ ಹುಟ್ಟಿನ ಸಂಬಂಧವಿಲ್ಲ. ಅದು ಅಮೆರಿಕದ ಪಕ್ಷಿ. ಮೆಕ್ಸಿಕೋದಲ್ಲಿ ಸಾಕುತ್ತಿದ್ದುದನ್ನು ಸ್ಪೇನಿನವರು 16ನೆಯ ಶತಮಾನದಲ್ಲಿ ಯೂರೋಪಿಗೆ ತಂದರು. ತಮಾಷೆಯೆಂದರೆ, ಟರ್ಕಿಯ ಜನ ಅದನ್ನು 'ಹಿಂದಿ', ಎಂದರೆ ಹಿಂದೂಸ್ಥಾನದ್ದು, ಎನ್ನುತ್ತಾರೆ! ಹಿಂದೂಸ್ಥಾನದಲ್ಲಾದರೋ, 1612ರಲ್ಲಿ ಗೋವೆಯಿಂದ ತಂದ ಟರ್ಕಿಯನ್ನು ಕಂಡು ಜಹಾಂಗೀರ್ ಬಾದಷಹನೇ ಬೆರಗಾಗಿ, ಚಿತ್ರಕಾರ ಮನ್ಸೂರನಿಂದ ಅದರ ಚಿತ್ರವನ್ನು ಬರೆಸಿದನು.

ಬೊಲೋನಾದ ಮೂಲ ಪಾಕದಲ್ಲಿ ಟರ್ಕಿ ಇಲ್ಲ. 1891ರಲ್ಲಿ ಅರ್ತೂಸಿ ಎಂಬವರು ಅಚ್ಚು ಹಾಕಿಸಿದ ವಿಧಾನದಲ್ಲಿ ಎಳೆಗರುವಿನ ಮಾಂಸವಿದೆ, ಟೊಮ್ಯಾಟೊ ಕೂಡ ಇಲ್ಲ. 1982ರಲ್ಲಿ ಆ ನಗರದ ವಾಣಿಜ್ಯ ಮಂಡಲಿಯಲ್ಲಿ ನೋಂದಾಯಿಸಿದ ವಿಧಾನದಲ್ಲಿ ದನದ ಮಾಂಸವೂ ಹಂದಿಯ ಕೊಬ್ಬೂ ಇವೆ. ಅವುಗಳ ಬದಲು ಟರ್ಕಿಯ ಖೀಮಾ ಹಾಕುವುದು ಅಮೆರಿಕದ ಮನೆಗಳಲ್ಲಿ ಬೆಳೆದ ರೂಢಿ. ಅದರಲ್ಲಿ ಕೊಬ್ಬು ಕಡಮೆ. ಇದೇ ಅದರ ಗುಣ, ಇದೇ ಅದರ ದೋಷ. ಕೊಬ್ಬಿಲ್ಲದ ಖೀಮಾ ಬೇಗ ಒಣಗುತ್ತದೆ, ಸಪ್ಪೆಯಾಗುತ್ತದೆ. ಆದ್ದರಿಂದ ಇಲ್ಲಿ ಮಾಡತಕ್ಕ ಕೆಲಸವೆಲ್ಲ ಒಂದೊಂದು ಕೊರತೆಯನ್ನು ತುಂಬುವ ಕೆಲಸ.

ನಾಲ್ವರಿಗೆ ಅರ್ಧ ಕಿಲೋ ಖೀಮಾ ಸಾಕು. ಎದೆಯ ಮಾಂಸಕ್ಕಿಂತ ತೊಡೆಯದು ಮೇಲು. ಅದರಲ್ಲಿ ರಸ ಹೆಚ್ಚು. ಅಗಲವಾದ ಬಾಣಲೆಯಲ್ಲಿ ಮೂರು ದೊಡ್ಡ ಚಮಚ ಆಲಿವ್ ಎಣ್ಣೆ ಕಾಯಿಸಿ. ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಒಂದು ಗಜ್ಜರಿ, ಒಂದು ಸೆಲರಿ ದಂಟು ಹಾಕಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಾಡಿಸಿ ತೆಗೆದಿಡಿ. ಅದೇ ಬಾಣಲೆಯಲ್ಲಿ ಉರಿ ಹೆಚ್ಚಿಸಿ ಖೀಮಾ ಹರಡಿ. ಮೊದಲು ಅದು ನೀರು ಬಿಡುತ್ತದೆ. ಅವಸರಪಟ್ಟು ಕೆದಕಬೇಡಿ. ನೀರು ಇಂಗಿ, ತಳ ಕಂದುಬಣ್ಣಕ್ಕೆ ತಿರುಗುವ ತನಕ ಕಾಯಿರಿ. ನೀರಿರುವಷ್ಟು ಹೊತ್ತೂ ಕಾವು 100 ಡಿಗ್ರಿಯನ್ನು ದಾಟದು. ಕಂದುಬಣ್ಣವನ್ನೂ ಘಮವನ್ನೂ ಕೊಡುವ ಕ್ರಿಯೆ ಚುರುಕಾಗಲು ಸುಮಾರು 140 ಡಿಗ್ರಿ ಬೇಕು. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮಯ್ಯಾರನ ಹೆಸರೇ ಆ ಕ್ರಿಯೆಗೆ ನಿಂತಿದೆ. ಸಪ್ಪೆ ಮಾಂಸದ ರುಚಿ ಕಣ್ಣು ತೆರೆಯುವುದು ಈ ಘಳಿಗೆಯಲ್ಲಿ.

ಈಗ ಎರಡು ಎಸಳು ಬೆಳ್ಳುಳ್ಳಿ, ಎರಡು ಚಮಚ ಗಟ್ಟಿ ಟೊಮ್ಯಾಟೊ ರಸ ಸೇರಿಸಿ ಹುರಿಯಿರಿ. ಅರ್ಧ ಬಟ್ಟಲು ಹಾಲು ಹಾಕಿ ಇಂಗಿಸಿ. ಹಾಲು ಮಾಂಸವನ್ನು ಮೆದುವಾಗಿಸುತ್ತದೆ. ಬಾಡಿಸಿದ ತರಕಾರಿ, ಮುಕ್ಕಾಲು ಕಿಲೋ ಜಜ್ಜಿದ ಟೊಮ್ಯಾಟೊ, ಉಪ್ಪು, ಮೆಣಸಿನ ಪುಡಿ ಬೆರೆಸಿ, ಮುಚ್ಚಳ ಓರೆಮಾಡಿ, ಮೆಲ್ಲಗೆ ಗುಳುಗುಳು ಎನ್ನುವಂತೆ ಒಂದು ಗಂಟೆ ಕುದಿಸಿ. ತಳ ಹಿಡಿಯುವಂತಿದ್ದರೆ ಸ್ವಲ್ಪ ನೀರು ಚಿಮುಕಿಸಿ.

ಒಂದು ಎಚ್ಚರಿಕೆ. ಹಸಿ ಕೋಳಿಮಾಂಸದಲ್ಲಿ ರೋಗಾಣುಗಳಿರಬಹುದು. ತೊಳೆಯಹೋದರೆ ನೀರು ಸಿಡಿದು ಅವು ಸುತ್ತಲೂ ಹರಡುತ್ತವೆ. ಮಾಂಸವನ್ನು ತೊಳೆಯದೆ, ಕೈಯನ್ನೂ ಹಲಗೆಯನ್ನೂ ಸೋಪಿನಿಂದ ತೊಳೆಯಿರಿ. ಬಣ್ಣ ಮಾಸಿದ ಮಾತ್ರಕ್ಕೆ ಬೆಂದಿತೆಂದು ತಿಳಿಯಬಾರದು. ಒಳಗಿನ ಕಾವು 74 ಡಿಗ್ರಿ ಮುಟ್ಟಲೇಬೇಕು. ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ತಂಪುಪೆಟ್ಟಿಗೆಗೆ ಸೇರಿಸಿ.

ಪಾಸ್ತಾವನ್ನು ಉಪ್ಪುನೀರಿನಲ್ಲಿ, ಪೊಟ್ಟಣ ಹೇಳಿದ ಹೊತ್ತಿಗಿಂತ ಒಂದು ನಿಮಿಷ ಮೊದಲೇ ಬಸಿಯಿರಿ. ಬಸಿದ ಗಂಜಿನೀರನ್ನು ಒಂದು ಬಟ್ಟಲು ಉಳಿಸಿಕೊಂಡು, ಸ್ವಲ್ಪಸ್ವಲ್ಪವಾಗಿ ಹಾಕುತ್ತ ಗೊಜ್ಜಿನೊಡನೆ ಬಾಣಲೆಯಲ್ಲೇ ಕಲೆಸಿ. ಆ ಗಂಜಿಯೇ ಗೊಜ್ಜನ್ನು ಎಳೆಗೆ ಅಂಟಿಸುವ ಬಂಧ.

ಬೊಲೋನಾದವರು ಇದನ್ನು ರಗು ಎಂದು ಒಪ್ಪಲಾರರು. ಆದರೆ ನಮ್ಮ ವ್ಯಾಕರಣ ರೂಢನಾಮ ಬೇರೆ, ಅನ್ವರ್ಥನಾಮ ಬೇರೆ ಎಂದು ಬೋಧಿಸುತ್ತದೆಯಲ್ಲವೆ? ತಾನಾಗಿಯೇ ರುಚಿಯುಳ್ಳ ಮಾಂಸದ ಗೊಜ್ಜಿಗೆ ರಗು ಎಂಬುದು ರೂಢಿಯ ಹೆಸರು. ಮಲಗಿದ ರುಚಿಯನ್ನು ಬೆಂಕಿಯಿಂದಲೂ ತಾಳ್ಮೆಯಿಂದಲೂ ಎಬ್ಬಿಸಿದ ಈ ಬಡಕಲು ಟರ್ಕಿಯ ಗೊಜ್ಜಿಗಾದರೋ ಅದು ಅನ್ವರ್ಥ.