ಹಳೆಯ ಯಂತ್ರ, ತಿಳಿಯಾದ ಚಿತ್ರ

(ಬಾನುಲಿ ಭಾಷಣ)



ಆಟಿಕೆ ಎಂಬ ಮಾತನ್ನು ನಾವು ಹಗುರವಾಗಿ ಬಳಸುತ್ತೇವೆ. ಮುರಿದರೆ ಎಸೆಯಬಹುದಾದದ್ದು, ಮಕ್ಕಳು ಬೆಳೆದೊಡನೆ ಅಟ್ಟ ಸೇರತಕ್ಕದ್ದು ಎಂಬುದು ಆ ಮಾತಿನ ಧ್ವನಿ. ಟಿ.ವಿ.ಗೆ ಜೋಡಿಸಿ ಆಡುವ ಹಳೆಯ ಯಂತ್ರಗಳ ವಿಷಯದಲ್ಲಿ ಈ ಭಾವನೆ ಸಲ್ಲದು. ಜಪಾನಿನ ನಿಂಟೆಂಡೊ ಸಂಸ್ಥೆ 1983ರ ಜುಲೈ ತಿಂಗಳಲ್ಲಿ ಹೊರತಂದ ‘ಫ್ಯಾಮಿಲಿ ಕಂಪ್ಯೂಟರ್’, ಅಥವಾ ಜನರ ಬಾಯಲ್ಲಿ ‘ಫ್ಯಾಮಿಕಾಮ್’, ಅಂಥದೊಂದು ಯಂತ್ರ. ಅದರ ತಯಾರಿಕೆ 2003ರಲ್ಲಿ ನಿಂತಿತು. ಇನ್ನು ಇವುಗಳ ಸಂಖ್ಯೆ ಕುಗ್ಗಬಹುದೇ ಹೊರತು ಬೆಳೆಯಲಾರದು. ಆದಕಾರಣ ಇಂಥ ಯಂತ್ರವನ್ನು ಬಿಚ್ಚಿ, ತಿದ್ದಿ, ಅದರ ಚಿತ್ರವನ್ನು ಹಸನುಗೊಳಿಸುವುದು ಹೇಗೆ, ಮತ್ತು ಎಲ್ಲಿಯವರೆಗೆ ಎಂಬ ಪ್ರಶ್ನೆ ಕೇವಲ ಹವ್ಯಾಸಿಗಳ ಚಪಲವಲ್ಲ.

ಚಿತ್ರ ಮಸುಕಾದರೆ ಕೆಲವರು ಟಿ.ವಿ.ಯನ್ನು ದೂರುತ್ತಾರೆ, ಕೆಲವರು ಯಂತ್ರವನ್ನು ಹಳಿಯುತ್ತಾರೆ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯಿದೆಯಷ್ಟೆ. ಇಲ್ಲಿ ನೆಲವೂ ಡೊಂಕಲ್ಲ, ಕುಣಿಯುವವಳಿಗೂ ಕಲೆ ಗೊತ್ತು. ದೋಷದ ಬಹುಪಾಲು ಇರುವುದು ಎರಡರ ನಡುವಣ ದಾರಿಯಲ್ಲಿ.

ಆ ದಾರಿಯನ್ನು ಸ್ವಲ್ಪ ನೋಡೋಣ. ಯಂತ್ರದೊಳಗಿನ ಒಂದು ಚಿಪ್ಪು ಸಾಲಿಗೆ 256 ಚುಕ್ಕಿಗಳಂತೆ 240 ಸಾಲುಗಳ ಚಿತ್ರವನ್ನು ರಚಿಸುತ್ತದೆ. ಮೊದಲ ಫ್ಯಾಮಿಕಾಮ್ ಈ ಚಿತ್ರವನ್ನು ರೇಡಿಯೋ ಅಲೆಯ ಮೇಲೆ ಹೇರಿ, ಜಪಾನಿನ ಒಂದನೆಯ ಅಥವಾ ಎರಡನೆಯ ಚಾನೆಲ್ಲಾಗಿ, ಟಿ.ವಿ.ಯ ಆಂಟೆನಾ ಕಿಂಡಿಗೆ ಕಳುಹಿಸುತ್ತಿತ್ತು. ಟಿ.ವಿ. ಆ ಹೊರೆಯನ್ನು ಮತ್ತೆ ಇಳಿಸಿಕೊಳ್ಳಬೇಕು. ಪಕ್ಕದ ಮನೆಗೆ ಕೈಯಾರೆ ಕೊಡಬಹುದಾದ ಕಾಗದವನ್ನು ಅಂಚೆಗೆ ಹಾಕಿದಂತಾಯಿತು. ಏರಿಸಿ ಇಳಿಸುವಾಗ ಚಿತ್ರ ಮಬ್ಬಾಗುತ್ತದೆ, ಹೊರಗಿನ ಗದ್ದಲವೂ ಸೇರಿಕೊಳ್ಳುತ್ತದೆ. ರೇಡಿಯೋ ಕೇಳುವ ತಮಗೆ ಈ ಗದ್ದಲದ ಪರಿಚಯ ಮಾಡಿಕೊಡಬೇಕಾಗಿಲ್ಲ.

ಆದ್ದರಿಂದ ಮೊದಲ ತಿದ್ದುಪಡಿ ಈ ಅಂಚೆಯನ್ನು ತಪ್ಪಿಸುವುದು. ಚಿಪ್ಪಿನಿಂದ ಹೊರಡುವ ಸಂಕೇತವನ್ನು ರೇಡಿಯೋ ಅಲೆಗೆ ಹೇರುವ ಮುನ್ನವೇ ಹಿಡಿದು ಟಿ.ವಿ.ಗೆ ಕೊಡಬೇಕು. ಉದ್ದದ ತಂತಿಯನ್ನು ನಡೆಸುವ ಬಲ ಚಿಪ್ಪಿಗಿಲ್ಲವಾದ್ದರಿಂದ ನಡುವೆ ಒಂದು ಟ್ರಾನ್ಸಿಸ್ಟರೂ ಕೆಲವು ಬಿಡಿಭಾಗಗಳೂ ಬೇಕು. ನಿಂಟೆಂಡೊ ಸಂಸ್ಥೆಯೇ 1993ರ ಡಿಸೆಂಬರಿನಲ್ಲಿ ತಂದ ಹೊಸ ಮಾದರಿಯಲ್ಲಿ ಈ ನೇರ ದಾರಿಯನ್ನು ಒದಗಿಸಿತು. 1990ರ ದಶಕದಲ್ಲಿ ನಮ್ಮ ದೇಶದ ಪೇಟೆಗಳಲ್ಲಿಯೂ ಫ್ಯಾಮಿಕಾಮಿನ ನಕಲುಗಳು ಹೇರಳವಾಗಿ ಮಾರಾಟವಾದವು. ಅಂಥದೊಂದು ತಮ್ಮ ಅಟ್ಟದಲ್ಲಿದ್ದರೆ, ಅದರಲ್ಲಿ ಹಳದಿ ಬಣ್ಣದ ಕಿಂಡಿಯಿದೆಯೇ ಎಂದು ನೋಡಿ. ಇದ್ದರೆ ಆಂಟೆನಾ ತಂತಿಯನ್ನು ಬಿಟ್ಟು ಅದನ್ನೇ ಬಳಸಿ. ಬೆಸುಗೆಯ ಕೆಲಸವಿಲ್ಲದೆಯೇ ಚಿತ್ರ ತಿಳಿಯಾಗುತ್ತದೆ.

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದದ್ದು. ಈ ನೇರ ದಾರಿಯಲ್ಲಿಯೂ ಬೆಳಕು ಮತ್ತು ಬಣ್ಣ ಒಂದೇ ತಂತಿಯಲ್ಲಿ ಬೆರೆತು ಸಾಗುತ್ತವೆ. ಬಣ್ಣವನ್ನು ಹೊರುವ ಅಲೆ ಸೆಕೆಂಡಿಗೆ ಸುಮಾರು 35.8 ಲಕ್ಷ ಸುತ್ತು ತಿರುಗಿದರೆ, ಯಂತ್ರ ಅದೇ ಅವಧಿಯಲ್ಲಿ ಸುಮಾರು 53.7 ಲಕ್ಷ ಚುಕ್ಕಿಗಳ ವೇಗದಲ್ಲಿ ಚಿತ್ರ ಬಿಡಿಸುತ್ತದೆ. ಎಂದರೆ ಒಂದು ಚುಕ್ಕಿ ಮುಗಿಯುವಷ್ಟರಲ್ಲಿ ಬಣ್ಣದ ಅಲೆ ಮೂರರಲ್ಲಿ ಎರಡು ಪಾಲು ಮಾತ್ರ ತಿರುಗಿರುತ್ತದೆ. ಹೀಗಾಗಿ ಒಂದು ಚುಕ್ಕಿಯ ಬಣ್ಣ ನೆರೆಯ ಚುಕ್ಕಿಗೆ ಸೋರುತ್ತದೆ. ಗಡಿಗಳಲ್ಲಿ ಇರುವೆಯ ಸಾಲಿನಂತೆ ಏನೋ ಹರಿದಾಡುತ್ತದೆ.

ಕೆಂಪು, ಹಸಿರು, ನೀಲಿಗಳನ್ನು ಮೂರು ಬೇರೆ ತಂತಿಗಳಲ್ಲಿ ಕಳುಹಿಸಿದರೆ ಈ ತೊಂದರೆಯಿಲ್ಲ. ಆದರೆ ಫ್ಯಾಮಿಕಾಮಿನಲ್ಲಿ ಹಾಗೆ ಬಿಡಿಯಾಗಿ ತೆಗೆದುಕೊಳ್ಳುವ ಜಾಗವೇ ಇಲ್ಲ. ಚಿಪ್ಪಿನ ಹೊಟ್ಟೆಯಲ್ಲಿಯೇ ಸಂಕೇತ ಬೆರೆತು ಹುಟ್ಟುತ್ತದೆ. ಹಾಲಿಗೆ ನೀರು ಬೆರೆತ ಮೇಲೆ ಬೇರ್ಪಡಿಸುವವರು ಯಾರು? ಇದಕ್ಕೆ ಹವ್ಯಾಸಿಗಳು ಮೊದಲು ಕಂಡುಕೊಂಡ ಉಪಾಯ ಕ್ರೂರವಾದದ್ದು. ಹಣ ಹಾಕಿ ಆಡುವ ‘ಪ್ಲೇಚಾಯ್ಸ್-10’ ಮುಂತಾದ ದೊಡ್ಡ ಯಂತ್ರಗಳಲ್ಲಿ ಮೂರು ಬಣ್ಣಗಳನ್ನು ಬೇರೆಯಾಗಿ ಕೊಡುವ ಸೋದರ ಚಿಪ್ಪು ಇತ್ತು. ಅದನ್ನು ಕಿತ್ತು ಇದರೊಳಗೆ ಕೂರಿಸಿದರು. ಚಿತ್ರವೇನೋ ತಿಳಿಯಾಯಿತು, ಆದರೆ ಒಂದು ಯಂತ್ರದ ಕಣ್ಣಿಗಾಗಿ ಮತ್ತೊಂದರ ಕಣ್ಣು ಹೋಯಿತು. ಮೇಲಾಗಿ ಆ ಚಿಪ್ಪಿನ ಬಣ್ಣಗಳೂ ಮೂಲದ ಬಣ್ಣಗಳಿಗೆ ಸರಿಹೊಂದುತ್ತಿರಲಿಲ್ಲ. 2010ರ ದಶಕದಲ್ಲಿ ಬಂದ ಪುಟ್ಟ ಫಲಕಗಳು ಈ ಬಲಿಯನ್ನು ತಪ್ಪಿಸಿದವು. ಮೂಲದ ಚಿಪ್ಪನ್ನು ಉಳಿಸಿಕೊಂಡು, ಅದು ನಡೆಸುವ ವ್ಯವಹಾರವನ್ನು ಪಕ್ಕದಲ್ಲಿ ಕುಳಿತು ಗಮನಿಸಿ, ಬಣ್ಣಗಳನ್ನು ಹೊಸದಾಗಿ ಕಟ್ಟಿಕೊಡುವುದು ಅವುಗಳ ಕ್ರಮ. ಆದರೂ 40 ಕಾಲುಗಳ ಚಿಪ್ಪನ್ನು ಬೆಸುಗೆ ಕರಗಿಸಿ ಎತ್ತಲೇಬೇಕು. ಶಾಖ ಮಿತಿಮೀರಿದರೆ ಹಲಗೆಯ ತಾಮ್ರದ ಗೆರೆಗಳು ಕಿತ್ತುಬರುತ್ತವೆ. ಅಭ್ಯಾಸವಿಲ್ಲದವರು ಇದಕ್ಕೆ ಕೈಹಾಕಬಾರದು.

ಇಷ್ಟೆಲ್ಲ ಮಾಡಿ ಇಂದಿನ ಚಪ್ಪಟೆ ಟಿ.ವಿ.ಗೆ ಜೋಡಿಸಿದರೆ ಮತ್ತೊಂದು ತೊಡಕು. ಹಳೆಯ ಯಂತ್ರ ಪ್ರತಿ ಸಲವೂ ಅವೇ 240 ಸಾಲುಗಳನ್ನು ಕಳುಹಿಸುತ್ತದೆ. ಹೊಸ ಟಿ.ವಿ.ಗಳಲ್ಲಿ ಹಲವು ಇದನ್ನು ಒಂದೇ ಚಿತ್ರದ ಎರಡು ಅರ್ಧಗಳೆಂದು ತಪ್ಪಾಗಿ ಗ್ರಹಿಸಿ ಹೆಣೆಯತೊಡಗುತ್ತವೆ. ಫಲ, ನಡುಗುವ ಚಿತ್ರ ಮತ್ತು ತಡ. ಗುಂಡಿಯೊತ್ತಿದ ಮೇಲೆ ತಡವಾಗಿ ಜಿಗಿಯುವ ನಾಯಕ ಹಳ್ಳಕ್ಕೆ ಬೀಳುವುದು ಖಂಡಿತ. ಸಾಲುಗಳನ್ನು ಇದ್ದಂತೆಯೇ ಇಮ್ಮಡಿಸಿ ಕೊಡುವ ಉಪಕರಣವೊಂದು ನಡುವೆ ಇದ್ದರೆ ಈ ತಡ ಬಹುಮಟ್ಟಿಗೆ ನೀಗುತ್ತದೆ.

ಇಲ್ಲಿಗೆ ನಿಲ್ಲಬಹುದಿತ್ತು. ಆದರೆ ತಿಳಿಯಾದ ಚಿತ್ರವೇ ನಿಜವಾದ ಚಿತ್ರವೆಂದು ಭಾವಿಸುವುದು ಸರಿಯಲ್ಲ. ಸೆಗಾ ಸಂಸ್ಥೆಯ ‘ಮೆಗಾ ಡ್ರೈವ್’ ಎಂಬ ಯಂತ್ರಕ್ಕಾಗಿ 1991ರಲ್ಲಿ ಬಂದ ‘ಸಾನಿಕ್’ ಆಟದಲ್ಲಿ ಒಂದು ಜಲಪಾತವಿದೆ. ಅದನ್ನು ಒಂದು ಬಿಟ್ಟು ಒಂದರಂತೆ ನಿಲುವುಗೆರೆಗಳಲ್ಲಿ ಬಿಡಿಸಲಾಗಿದೆ. ಬೆರೆತ ಸಂಕೇತದಲ್ಲಿ ಗೆರೆಗಳು ಒಂದರೊಳಗೊಂದು ಸೋರಿ, ಹಿಂದಿನ ಬಂಡೆ ಕಾಣುವಂಥ ತೆಳುನೀರಾಗುತ್ತವೆ. ಈ ಯಂತ್ರ ಮೂರು ಬಣ್ಣಗಳನ್ನು ಬೇರೆಯಾಗಿಯೂ ಕೊಡಬಲ್ಲದು. ಹಾಗೆ ನೋಡಿದಾಗ ನೀರು ಮಾಯವಾಗಿ ಕಿಟಕಿಯ ಸರಳುಗಳು ನಿಲ್ಲುತ್ತವೆ. ನಾವು ದೋಷವೆಂದು ಕಳೆದದ್ದು ಅಲ್ಲಿ ಚಿತ್ರದ ಒಂದು ಅಂಗವೇ ಆಗಿತ್ತು. ಫ್ಯಾಮಿಕಾಮಿನ ಬಣ್ಣಗಳ ಕಥೆಯೂ ಹೀಗೆಯೇ. ಒಂದೊಂದು ಟಿ.ವಿ. ಅವನ್ನು ಒಂದೊಂದು ರೀತಿಯಲ್ಲಿ ತೋರಿಸುತ್ತಿತ್ತು. ಇದೇ ಸರಿಯಾದ ಕೆಂಪು ಎಂದು ಆಣೆಯಿಟ್ಟು ಹೇಳಬಲ್ಲವರಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ದಾರಿ ಸೇರಿಸಿದ ಕೊಳೆಯನ್ನು ತೊಳೆಯೋಣ. ಚಿತ್ರಕಾರ ನೆಚ್ಚಿಕೊಂಡಿದ್ದ ಮಸುಕನ್ನು ಮಾತ್ರ ಬೇಕೆಂದಾಗ ಮರಳಿ ಪಡೆಯುವಂತೆ ಉಳಿಸಿಕೊಳ್ಳೋಣ. ತಿದ್ದುಪಡಿ ಮಾಡಿದರೂ ಹಳೆಯ ಕಿಂಡಿಯನ್ನು ಮುಚ್ಚದಿರಲಿ, ಪೆಟ್ಟಿಗೆಯನ್ನು ಕೊರೆಯದಿರಲಿ, ತೆಗೆದ ಭಾಗಗಳನ್ನು ಪೊಟ್ಟಣ ಕಟ್ಟಿ ಯಂತ್ರದ ಜೊತೆಯಲ್ಲಿಯೇ ಇಡಲಿ. ವಿದ್ಯುತ್ತಿನ ಅಡಾಪ್ಟರನ್ನು ಬದಲಾಯಿಸುವವರು ಧನ ಋಣಗಳನ್ನು ಮೊದಲು ನೋಡಿಕೊಳ್ಳಬೇಕು. ಫ್ಯಾಮಿಕಾಮಿನಲ್ಲಿ ಪಿನ್ನಿನ ನಡುಭಾಗವೇ ಋಣ. ಹಳೆಯ ಗಾಜಿನ ಕೊಳವೆಯ ಟಿ.ವಿ.ಯ ಬೆನ್ನನ್ನಂತೂ ಬಿಚ್ಚಲೇಬಾರದು. ಸ್ವಿಚ್ಚು ಆರಿಸಿದ ಮೇಲೂ ಅದರೊಳಗೆ ಪ್ರಾಣಾಪಾಯದ ವಿದ್ಯುತ್ತು ಉಳಿದಿರಬಹುದು.

ಮುಂದೊಂದು ದಿನ ನಮಗಿಂತ ಹೆಚ್ಚು ತಿಳಿದವರು ಈ ಯಂತ್ರವನ್ನು ಬಿಚ್ಚಿಯಾರು. ನಾವು ಮಾಡಿದ್ದನ್ನು ಕಳಚಿ ಮೂಲಕ್ಕೆ ಮರಳುವ ಅವಕಾಶವನ್ನು ಅವರಿಗೆ ಬಿಟ್ಟುಕೊಡುವುದು ನಮ್ಮ ಕರ್ತವ್ಯ.